ಕಾದಂಬರಿಯೊಳಗಿನ ರಾತ್ರಿಯೂಟ

ನಾನು ಕಾದಂಬರಿಯನ್ನು ಹಿಂದಿನಿಂದ ತೆರೆಯುತ್ತಿದ್ದೆ. ಕತೆಯ ಕೊನೆ ತಿಳಿಯುವುದಕ್ಕಲ್ಲ. ಹಿಂಬದಿಯ ಪುಟದಲ್ಲಿ ಪ್ರಕಾಶಕರು ‘ಅಚ್ಚಿನಲ್ಲಿ’ ಎಂದು ಮುಂದೆ ಬರಲಿರುವ ಪುಸ್ತಕಗಳ ಹೆಸರು ಹಾಕುತ್ತಿದ್ದರಲ್ಲ, ಅದನ್ನು ನೋಡುವುದಕ್ಕೆ. ಪ್ರತಿ ಹೆಸರಿನ ಕೆಳಗೆ ಒಂದು ಸಾಲು ವಿವರಣೆ. ಆ ಒಂದು ಸಾಲಿನಿಂದ ನಾನು ಇಡೀ ಕತೆ ಕಟ್ಟಿಕೊಂಡು ವಾರಗಟ್ಟಲೆ ಅದರೊಳಗೇ ಓಡಾಡುತ್ತಿದ್ದೆ. ನಿಜವಾದ ಪುಸ್ತಕ ಕೈಗೆ ಬಂದಾಗ ಅದು ಬೇರೆಯೇ ಆಗಿರುತ್ತಿತ್ತು. ಬೇಸರವಾಗುತ್ತಿರಲಿಲ್ಲ, ಒಂದರ ಬದಲು ಎರಡು ಕಾದಂಬರಿ ಸಿಕ್ಕಿದಂತಾಗುತ್ತಿತ್ತು.

ಇದು ಐವತ್ತರ ದಶಕದ ನಡುವಿನ ಮಾತು. ಇಸವಿ ಬರೆಯಲು ಧೈರ್ಯವಿಲ್ಲ. ಆ ಕಾಲದ ನನ್ನ ದಿನಚರಿಯಲ್ಲಿ ಮಳೆ, ನೆಂಟರು, ತಲೆನೋವು ಇವೇ ತುಂಬಿವೆ, ಬೇಕಾದದ್ದನ್ನು ಬರೆದಿಲ್ಲ. ಹಾಗಾಗಿ ಮುಂದಿನದೆಲ್ಲ ನೆನಪನ್ನು ನಂಬಿ ಬರೆಯುತ್ತಿರುವುದು. ನೆನಪು ಯಾವಾಗಲೂ ನನ್ನ ಪಕ್ಷವನ್ನೇ ವಹಿಸುತ್ತದೆ ಎಂಬುದು ನನಗೆ ಗೊತ್ತು.

ನಮ್ಮದು ಮೂಡುಬಿದಿರೆಯ ಜೈನ ಮನೆ. ಅಳಿಯಸಂತಾನದ ಕಟ್ಟಿನಂತೆ ತಾಯಿಯ ಅಣ್ಣ, ಅಂದರೆ ನನ್ನ ಮಾವ, ಮನೆಯ ಯಜಮಾನರು. ಅವರ ತಾಯಿ, ನನ್ನ ಅಜ್ಜಿ, ಯಜಮಾನರಿಗೂ ಯಜಮಾನಿ. ತಂದೆ ಬಂಟ್ವಾಳ ಪೇಟೆಯಲ್ಲಿ ಅಕ್ಕಿ ವ್ಯಾಪಾರದಲ್ಲಿದ್ದು ಶನಿವಾರ ಬರುತ್ತಿದ್ದರು. ಬರುವಾಗ ಅವರ ಚೀಲದಲ್ಲಿ ನನಗೊಂದು ಕಾದಂಬರಿ ಇರುತ್ತಿತ್ತು. ಅವರ ಅಂಗಡಿಯ ಪಕ್ಕದಲ್ಲಿ ಜವಳಿ ಅಂಗಡಿ ಇಟ್ಟಿದ್ದ ಮುಸ್ಲಿಂ ಬ್ಯಾರಿಯೊಬ್ಬರಿಗೆ ಓದುವ ಹುಚ್ಚು. ಸೀರೆಗಳ ಮೇಲಿನ ಹಲಗೆಯಲ್ಲಿ ಕಾದಂಬರಿಗಳನ್ನು ಜೋಡಿಸಿಟ್ಟು, ಗೊತ್ತಿದ್ದವರಿಗೆ ಕೊಡುತ್ತಿದ್ದರು. ನಾನು ಅವರನ್ನು ನೋಡಿರಲಿಲ್ಲ, ಆದರೆ ಅವರು ಓದಿದ ಪುಟಗಳಲ್ಲಿ ಅಲ್ಲಲ್ಲಿ ಎಲೆಅಡಿಕೆಯ ವಾಸನೆ ಇರುತ್ತಿತ್ತು.

ಒಂದು ಮಳೆಗಾಲ ನೇತ್ರಾವತಿ ಹೊಳೆ ಉಕ್ಕಿ ಬಂಟ್ವಾಳ ಪೇಟೆಯೊಳಗೆ ಬಂತು. ತಂದೆ ಅಕ್ಕಿ ಮೂಟೆಗಳನ್ನು ಮಾಳಿಗೆಗೆ ಏರಿಸಿದ್ದರು. ಪಕ್ಕದವರ ಬಟ್ಟೆಯೂ ಪುಸ್ತಕವೂ ನೆನೆದುಹೋಗಿದ್ದವು.

“ಬಟ್ಟೆ ಒಣಗಿಸಿ ಅರ್ಧ ಕ್ರಯಕ್ಕಾದರೂ ಮಾರ್ತೇನೆ. ಪುಸ್ತಕ ಒಣಗಿಸಿದರೆ ಹಪ್ಪಳ ಆಗ್ತದೆ ಮಾರಾಯ್ರೆ. ಇದೊಂದು ಹೇಗೋ ಉಳಿದಿದೆ, ನಿಮ್ಮ ಮಗಳಿಗೆ ಕೊಡಿ” ಎಂದು ಅವರು ತಂದೆಯ ಕೈಯಲ್ಲಿ ಒಂದನ್ನು ಕಳಿಸಿದರು.

ಅದು ಉಬ್ಬಿ ಉಬ್ಬಿ ಮೂರು ಪುಸ್ತಕದಷ್ಟು ದಪ್ಪವಾಗಿತ್ತು. ಹಿಂಬದಿಯ ಪುಟ ಮಾತ್ರ ಸ್ಪಷ್ಟವಾಗಿತ್ತು: ಹೊಸ ಕಾದಂಬರಿಗಳು ಮೂರು, ದೀಪಾವಳಿಯೊಳಗೆ ಹೊರಬರುತ್ತವೆ, ಒಂದು ಕಾರ್ಡು ಬರೆದರೆ ವಿ.ಪಿ. ಅಂಚೆಯಲ್ಲಿ ಮನೆಗೇ ಕಳಿಸುತ್ತೇವೆ, ಹಣ ಪೋಸ್ಟ್‌ಮ್ಯಾನ್ ಕೈಗೆ ಕೊಟ್ಟರೆ ಸಾಕು. ಒಂದರ ಹೆಸರಿನಲ್ಲಿ ನದಿ ಇತ್ತು. ಇನ್ನೊಂದು, ಮನೆ ಬಿಟ್ಟು ಹೋದ ಹೆಣ್ಣಿನ ಕತೆ. ಮೂರನೆಯದರ ಕೆಳಗಿನ ಸಾಲು ನೀರಿಗೆ ಅಳಿಸಿಹೋಗಿತ್ತು, ಅದಕ್ಕೇ ಎಲ್ಲಕ್ಕಿಂತ ಹೆಚ್ಚು ನನಗೆ ಅದೇ ಬೇಕಿತ್ತು. ಜವಳಿ ಅಂಗಡಿಯ ಹಲಗೆ ಖಾಲಿಯಾಗಿ ಬಂಟ್ವಾಳದ ದಾರಿ ಮುಚ್ಚಿದ ಮೇಲೆ ಅವು ನನ್ನ ಕೈಗೆ ಬರಲು ಇದ್ದದ್ದು ವಿ.ಪಿ. ಒಂದೇ. ಆದರೆ ವಿ.ಪಿ. ಬರುವುದು ಯಜಮಾನರ ಹೆಸರಿಗೆ.

ನಾನು ಮಾವನನ್ನು ಕೇಳಿದೆ.

“ಎರವಲು ತಂದದ್ದು ಹಿಂದೆ ಹೋಗ್ತಿತ್ತು, ನಾನು ಏನೂ ಹೇಳಲಿಲ್ಲ. ಆಗದೆ ಇದ್ದದ್ದನ್ನು ಆಯ್ತು ಅಂತ ಬರೆಯುವವರನ್ನು ಮನೆಯ ಹೆಸರಲ್ಲಿ ಕರೆಸುವುದು ಬೇಡ” ಎಂದರು. ನಮ್ಮ ಮನೆಮಾತು ತುಳು. ಅವರು ಹೇಳಿದ್ದನ್ನು ನಾನಿಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ತುಳುವಿನಲ್ಲಿ ಅದು ಇನ್ನೂ ಚಿಕ್ಕದಾಗಿ, ಇನ್ನೂ ಗಟ್ಟಿಯಾಗಿ ಕೇಳಿಸಿತ್ತು.

ಜೈನರ ಮನೆಯಲ್ಲಿ ರಾತ್ರಿಯೂಟವಿಲ್ಲ. ಸೂರ್ಯ ಮುಳುಗುವ ಮೊದಲೇ ಉಂಡು, ಪಾತ್ರೆ ತೊಳೆದು ಮುಗಿದಿರುತ್ತದೆ. ಆಮೇಲೆ ಮಲಗುವವರೆಗೆ ಸಂಜೆ ಉದ್ದಕ್ಕೆ ಬಿದ್ದಿರುತ್ತದೆ. ಮಳೆಗಾಲದ ಚಾತುರ್ಮಾಸದಲ್ಲಿ ಮಾವ ಆ ಹೊತ್ತಿಗೆ ಚಾವಡಿಯಲ್ಲಿ ಪುರಾಣ ಓದುತ್ತಿದ್ದರು. ಹಳಗನ್ನಡದ ಒಂದು ಪದ್ಯ, ಅದಕ್ಕೆ ತುಳುವಿನಲ್ಲಿ ಅರ್ಥ, ಮತ್ತೆ ಒಂದು ಪದ್ಯ. ಅಜ್ಜಿ, ಅಮ್ಮ, ಚಿಕ್ಕಮ್ಮ, ತಂಗಿ ಮತ್ತು ನಾನು ಕೇಳುವವರು. ಆ ವರ್ಷ ಮಾವನಿಗೆ ಕೆಮ್ಮು ಹಿಡಿಯಿತು. ವೈದ್ಯರು ಮಾತೇ ಆಡಬಾರದೆಂದರು. ಹೈಸ್ಕೂಲು ಮುಗಿಸಿದವಳೆಂದು ಪುರಾಣದ ಪೀಠ ನನ್ನ ಮುಂದೆ ಬಂತು.

ನಾನು ಮಾವನಿಗಿಂತ ವೇಗವಾಗಿ ಓದುತ್ತಿದ್ದೆ. ಒಂದು ಸಂಜೆ ಆ ದಿನದ ಭಾಗ ಬೇಗ ಮುಗಿದು, ಪುರಾಣವನ್ನು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟೆ.

“ಇಷ್ಟು ಬೇಗ ಆಯ್ತಾ? ನನಗೆ ನಿದ್ದೆ ಬರುವುದಿಲ್ಲ. ಬೇರೆ ಏನಾದರೂ ಓದು” ಎಂದರು ಅಜ್ಜಿ.

ನಾನು ಉಬ್ಬಿದ ಕಾದಂಬರಿಯನ್ನು ತಂದೆ. ತೊಡೆಯ ಮೇಲೆ ಅದು ತೆರೆದು ನಿಲ್ಲಲಿಲ್ಲ, ಆದ್ದರಿಂದ ಪೀಠದ ಮೇಲಿಟ್ಟೆ. ಜಗಲಿಯ ಆರಾಮಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ಮಾವ ಕೆಮ್ಮಿದರು. ಅದು ಆಕ್ಷೇಪವೋ ಬರಿಯ ಕೆಮ್ಮೋ ತಿಳಿಯಲಿಲ್ಲ. ಬರಿಯ ಕೆಮ್ಮೆಂದು ತೀರ್ಮಾನಿಸಿ ಓದಿದೆ.

ಗಂಡನನ್ನು ಕಳೆದುಕೊಂಡು ಶಾಲೆಯಲ್ಲಿ ಪಾಠ ಹೇಳಿ ಬದುಕುವ ಹೆಂಗಸಿನ ಕತೆ. ಪುರಾಣಕ್ಕೆ ಹೇಳಿದಂತೆಯೇ ಒಂದೊಂದು ಪರಿಚ್ಛೇದಕ್ಕೂ ತುಳುವಿನಲ್ಲಿ ಅರ್ಥ ಹೇಳಿದೆ.

“ಯಾವ ಮನೆಯವಳು?” ಅಜ್ಜಿಯ ಮೊದಲ ಪ್ರಶ್ನೆ.

“ಘಟ್ಟದ ಮೇಲಿನವಳು ಅಜ್ಜಿ.”

“ಜೈನರಾ?”

“ಬರೆದಿಲ್ಲ.”

“ಬರೆಯದಿದ್ದರೆ ನಮ್ಮವಳೇ.”

ಹೀಗೆ ಆ ಟೀಚರು ನಮ್ಮವಳಾದಳು. ಮೂರನೆಯ ಅಧ್ಯಾಯದಲ್ಲಿ ಅವಳು ಲಾಟೀನು ಹಚ್ಚಿ, ಮಕ್ಕಳ ಪುಸ್ತಕ ತಿದ್ದಿ, ಆಮೇಲೆ ಊಟಕ್ಕೆ ಕೂತಾಗ ನನಗೆ ಗಾಬರಿಯಾಯಿತು. ಅಜ್ಜಿ ಅವಳ ಕೈಬಿಟ್ಟರೆ ಓದು ನಿಲ್ಲುತ್ತದೆ. ಓದು ನಿಂತರೆ, ಮಾವನನ್ನು ಒಪ್ಪಿಸಬಲ್ಲ ಅಜ್ಜಿಯೂ ಕೈತಪ್ಪಿ, ಆ ಮೂರು ಪುಸ್ತಕಗಳ ಆಸೆಯೂ ಮುಗಿಯಿತು. ಅರ್ಥ ಹೇಳುವಾಗ ಅವಳಿಗೆ ಹೊತ್ತು ಮುಳುಗುವ ಮೊದಲೇ ಉಣಬಡಿಸಿದೆ. ಅಲ್ಲಿಂದ ಮುಂದೆ ನನಗೆ ಅದೇ ಕೆಲಸ. ಆ ಕಾದಂಬರಿಯವರು ಉಣ್ಣುತ್ತಿದ್ದದ್ದೆಲ್ಲ ರಾತ್ರಿ. ನೆಂಟರು ಬಂದರೂ ಕಡೆಯ ಬಸ್ಸಿಗೇ ಬರುವವರು. ಅವರನ್ನೆಲ್ಲ ಮಧ್ಯಾಹ್ನದ ಬಸ್ಸಿಗೆ ಹತ್ತಿಸಿದೆ, ಮದುವೆಯ ಔತಣವೊಂದನ್ನು ಬೆಳಗ್ಗೆಗೆ ತಂದೆ. ಅಜ್ಜಿ ದಿನಾ ಸಂಜೆ ಪುರಾಣ ಮುಗಿಯುವುದನ್ನೇ ಕಾಯತೊಡಗಿದರು. ಪುರಾಣದ ಕೊನೆಗೆ ಮುಗಿಯುವ ಕೈಯನ್ನು ಕಾದಂಬರಿಯ ಕೊನೆಗೂ ಮುಗಿಯುತ್ತಿದ್ದರು.

ಭಾವನ ಜಗಳದ ಅಧ್ಯಾಯ ಬಂತು. ಗಂಡನ ಅಣ್ಣ ರಾತ್ರಿ ಬಂದು, ಊಟಕ್ಕೆ ಕೂತು, ಉಣ್ಣುತ್ತಲೇ ಅವಳ ಕೆಲಸ ಬಿಡಿಸುವ ಮಾತೆತ್ತುತ್ತಾನೆ. ನಾನು ಅವನನ್ನು ಸಂಜೆ ನಾಲ್ಕಕ್ಕೆ ಬರಮಾಡಿ ಎಲೆ ಹಾಕಿದೆ. ಜಗಳ ಏರಿತು. ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿದ್ದರು. ಅವನು ಎಂಜಲು ಕೈಯಲ್ಲೇ ಎದ್ದು ಹೋದ; ತೆರೆದ ಬಾಗಿಲಿನಿಂದ ಗಾಳಿ ನುಗ್ಗಿ ಲಾಟೀನು ಆರಿತು; ಅವಳು ಕತ್ತಲಲ್ಲಿ ಹಾಗೆಯೇ ಕೂತಿದ್ದಳು.

ಜಗಲಿಯಿಂದ, ಮಾತಾಡಬಾರದ ಗಂಟಲಿನಿಂದ, ಸ್ವರ ಬಂತು.

“ನಾಲ್ಕು ಗಂಟೆಗೆ ಉಣ್ಣಲಿಕ್ಕೆ ಕೂತವರಿಗೆ ಲಾಟೀನು ಯಾಕೆ?”

ಮಾವ ಒಳಗೆ ಬಂದು ಪುಸ್ತಕ ತೆಗೆದುಕೊಂಡರು. ದೀಪಕ್ಕೆ ಹಿಡಿದು ಓದಿದರು. ಆ ಪುಟ ಮುಗಿಯಿತು. ಮಗುಚಿ ಮುಂದಿನದನ್ನೂ ಓದಿದರು, ಅದರ ಮುಂದಿನದನ್ನೂ.

“ಏನು ಬರೆದದ್ದು? ನೀನೊಬ್ಬನೇ ಓದಿದರೆ ಹೇಗೆ?” ಎಂದರು ಅಜ್ಜಿ.

“ಅವಳು ರಾತ್ರಿ ಉಣ್ತಾಳೆ ಅಮ್ಮ. ಇವಳು ಹಗಲಿಗೆ ತಿರುಗಿಸಿದ್ದು.” ನನ್ನ ಕಡೆ ನೋಡಿದರು. “ನಾನು ಹೇಳಿದೆ ಅಲ್ಲವಾ, ಕಾದಂಬರಿ ಅಂದರೆ ಸುಳ್ಳು ಅಂತ?”

“ಸುಳ್ಳು ಹೇಳಿದ್ದು ನಾನು ಮಾವ. ಅವರು ಬರೆದದ್ದು ಸರಿಯಾಗಿಯೇ ಉಂಟು. ಹಾಗಾಗಿಯೇ ನನ್ನದು ಎಲ್ಲಿ ತಪ್ಪಿತು ಅಂತ ನಿಮಗೆ ಅಲ್ಲಿಂದಲೇ ಗೊತ್ತಾಯ್ತು.”

ಬೆಳ್ತಂಗಡಿಗೆ ಮದುವೆಯಾಗಿ ಹೋಗಿರುವ ತಂಗಿ ಇದನ್ನು ಒಪ್ಪುವುದಿಲ್ಲ. ನಾನು ಆಗ ಬಾಯಿ ಮುಚ್ಚಿ ಕೂತಿದ್ದೆನಂತೆ. ಈ ಉತ್ತರ ನನಗೆ ಹೊಳೆದದ್ದು ಮರುದಿನ ಬಾವಿಕಟ್ಟೆಯಲ್ಲಿ, ಕೇಳಿಸಿಕೊಂಡವಳು ಅವಳೊಬ್ಬಳೇ ಅಂತೆ. ಇರಬಹುದು. ಮುಂದೆ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯದ ಸತ್ಯದ ಬಗ್ಗೆ ಎಷ್ಟೋ ಓದಿದೆ. ಆಗ ಕಲಿತ ಮಾತನ್ನು ಹಿಂದಕ್ಕೆ ಒಯ್ದು ಆ ಹುಡುಗಿಯ ಬಾಯಲ್ಲಿ ಇಟ್ಟಿರಲೂಬಹುದು. ಆಮೇಲೆ ಅಜ್ಜಿ ಆಡಿದ ಮಾತು ಮಾತ್ರ ಇಬ್ಬರಿಗೂ ಒಂದೇ ತೆರನಾಗಿ ನೆನಪಿದೆ.

“ಬೇರೆ ಮನೆಯವಳು. ಅವಳ ಕ್ರಮ ಅವಳಿಗೆ, ಉಣ್ಣಲಿ. ಕತ್ತಲಲ್ಲಿ ಎಷ್ಟು ಹೊತ್ತು ಕೂತಳು, ಅದು ಹೇಳು.”

ಮಾವ ಪುಸ್ತಕವನ್ನು ಪೀಠದ ಮೇಲಿಟ್ಟರು. ಜಗಲಿಗೆ ಹಿಂದಿರುಗದೆ ಕಂಬಕ್ಕೊರಗಿ ಚಾಪೆಯ ಮೇಲೆ ಕೂತರು. “ಇದ್ದದ್ದನ್ನು ಇದ್ದ ಹಾಗೆ ಓದು” ಎಂದರು.

ಓದಿದೆ. ಆ ವಾರ ಕಾದಂಬರಿ ಮುಗಿಯಿತು. ಟೀಚರು ಕೆಲಸ ಬಿಡಲಿಲ್ಲ. ಅಜ್ಜಿ ಇನ್ನೊಂದು ತಾ ಎಂದರು. ನಾನು ಹಿಂಬದಿಯ ಪುಟ ತೆರೆದು ಪುಸ್ತಕವನ್ನು ಮಾವನ ಮುಂದಿಟ್ಟೆ. ಅವರು ಮೂರು ಹೆಸರುಗಳನ್ನೂ ಓದಿ, ಅಳಿಸಿಹೋದ ಸಾಲಿನ ಮೇಲೆ ಬೆರಳಿಟ್ಟರು.

“ಇದು ಯಾವುದರ ಬಗ್ಗೆ?”

“ಗೊತ್ತಿಲ್ಲ ಮಾವ.”

“ಹಾಗಾದರೆ ಮೂರಕ್ಕೂ ಬರೆ. ನನ್ನ ಹೆಸರು ಹಾಕು.”

ಕಾರ್ಡು ಹೋಯಿತು. ದೀಪಾವಳಿ ಕಳೆದ ಮೇಲೆ, ಮಳೆ ಪೂರ್ತಿ ನಿಂತು ಅಂಗಳಕ್ಕೆ ಸೆಗಣಿ ಸಾರಿಸಿದ್ದ ದಿನ, ಪೋಸ್ಟ್‌ಮ್ಯಾನ್ ಕಟ್ಟು ತಂದ. ಮಾವ ಸಹಿ ಹಾಕಿ, ದಾರ ಬಿಚ್ಚದೆ ಪೀಠದ ಮೇಲಿಟ್ಟು, ಸಂಜೆಯವರೆಗೆ ಯಾರೂ ಮುಟ್ಟಬಾರದೆಂದರು. ನಾನು ಒಳಗೂ ಹೊರಗೂ ನಡೆದೆ. ಅಜ್ಜಿ ನನ್ನನ್ನು ನೋಡಿದರು, ಕಟ್ಟನ್ನು ನೋಡಿದರು, ಬಸದಿಯ ಮಾಡಿನ ಮೇಲೆ ಇನ್ನೂ ಎತ್ತರದಲ್ಲಿದ್ದ ಬಿಸಿಲನ್ನು ನೋಡಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, “ಇವತ್ತು ಊಟ ಸ್ವಲ್ಪ ಬೇಗ ಆಗಲಿ” ಎಂದರು.

ಆ ದಿನ ನಾವೆಲ್ಲ ಉಂಡು ಕೈತೊಳೆದಾಗ ಮೇಯಲು ಹೋದ ದನಗಳು ಇನ್ನೂ ಹಟ್ಟಿಗೆ ಬಂದಿರಲಿಲ್ಲ.