ತವರಿನ ಕಣಗಿಲೆ

ಸ್ವರಾಜ್ಯ ಬರುವುದಕ್ಕೆ ಒಂದು ವರ್ಷ ಮುಂಚೆ, ಬಬಲೇಶ್ವರದ ತವರಿನಿಂದ ಕಣಗಿಲೆಯ ಟೊಂಗೆ ತಂದು ತಿಕೋಟಾದ ಅತ್ತೆಮನೆಯಲ್ಲಿ ಬಚ್ಚಲ ನೀರಿಗೆ ನೆಟ್ಟವಳು ನಾನೇ. ಪೂಜೆಗೆ ದಿನಾ ಹೂವಾಯಿತು.

ದೇವರ ಮೇಲಿಂದ ತೆಗೆದ ಹಿಂದಿನ ದಿನದ ಹೂವನ್ನು ಯಾರೂ ತುಳಿಯಬಾರದೆಂದು ಒಂದು ಮುಂಜಾನೆ ಎಲೆಸಮೇತ ಆಕಳ ಮೇವಿಗೆ ಹಾಕಿದೆ. ಮಧ್ಯಾಹ್ನ ಆಕಳು ಜೊಲ್ಲು ಸುರಿಸುತ್ತ ನಡುಗತೊಡಗಿತು. ನನ್ನೆದೆಯಲ್ಲಿ ಹಾಲಿರಲಿಲ್ಲ. ನನ್ನ ಕೂಸು ಬದುಕಿದ್ದೇ ಆ ಆಕಳ ಹಾಲಿನಿಂದ.

“ಏನ ತಿನಿಸೀದಿ? ಖರೇ ಹೇಳ ಬೇ,” ಎಂದರು ಅತ್ತೆ.

“ಕಣಗಿಲ ಹಾಕೀನ್ರಿ ಅತ್ತಿ. ದೇವರಿಗೆ ಏರಿಸಿದ್ದು.”

“ದೇವರಿಗೆ ಏರಿಸಿದ್ರ ವಿಷ ಹೋಗತೈತೇನ, ಹುಚ್ಚಿ?”

ಸಂಜೆಗೆ ಆಕಳು ಸತ್ತಿತು. ಪಕ್ಕದ ಮನೆಯಲ್ಲಿ ಆಡಿನ ಹಾಲು ಬೇಡಿ ತಂದು ಕೂಸಿಗೆ ಕುಡಿಸಿದೆ. ಮರುದಿನ ಗಿಡ ಕಡಿದೆ. ಕೂಸು ಅಂಬೆಗಾಲಿಡುವ ಹೊತ್ತಿಗೆ ಅದು ಬುಡದಿಂದ ಮತ್ತೆ ಚಿಗುರಿತ್ತು. ಈ ಸಲ ಬೇರು ಅಗೆದೆ.