ಬಲಗಡೆಯದು ಒಂದು ಬೆರಳು ಕೆಳಗೆ

ನನ್ನ ಎರಡು ಕಿಡ್ನಿಗಳೂ ಚೆನ್ನಾಗಿವೆ. ಆದರೂ ಮದುವೆಯಾಗಿ ಮೂವತ್ತೇಳು ವರ್ಷಗಳಲ್ಲಿ ಕಿಡ್ನಿಯ ಮಾತು ಕಿವಿಗೆ ಬೀಳದ ಒಂದು ದಿನ ನನಗೆ ನೆನಪಿಲ್ಲ. ಯಾರಾದರೂ ಸೊಂಟ ಹಿಡಿದುಕೊಂಡು ‘ಕಿಡ್ನಿ ನೋವು ಕಣ್ರೀ’ ಎಂದರೆ ಮುಗಿಯಿತು, ನನ್ನ ಹೆಂಡತಿಗೆ ತಡೆದುಕೊಳ್ಳಲು ಆಗುವುದಿಲ್ಲ. ಗುರುತಿಲ್ಲ, ಪರಿಚಯವಿಲ್ಲ, ಎದ್ದು ಹೋಗಿ ಅವರ ಬೆನ್ನ ಮೇಲೆ ಕೈಯಿಟ್ಟುಬಿಡುತ್ತಾಳೆ.

“ಅಲ್ಲಲ್ಲ, ಅಷ್ಟು ಕೆಳಗೆ ಇರಲ್ಲ. ಇಲ್ಲಿ ನೋಡಿ, ಕೊನೇ ಪಕ್ಕೆಲುಬಿನ ಹತ್ರ. ಅದೂ ಹೊಟ್ಟೆ ಒಳಗಲ್ಲ, ಹೊಟ್ಟೆಯ ಹಿಂದೆ!”

ಒಮ್ಮೆ ಬಸ್ಸಿನಲ್ಲಿ ಒಬ್ಬ ದಪ್ಪ ಮನುಷ್ಯ ಇವಳ ಕೈಗೆ ಹೆದರಿ ತನ್ನ ಸ್ಟಾಪಿಗೆ ಮೊದಲೇ ಇಳಿದು ಹೋದ. ಕಂಡಕ್ಟರ್ ನನ್ನನ್ನು ನೋಡಿದ. ನಾನು ಕಿಟಕಿಯಾಚೆ ನೋಡಿದೆ.

ಅವಳ ಕಸುಬು ಅಂಥದ್ದು. ಶಾಲೆಗಳ ಪ್ರಯೋಗಶಾಲೆಯಲ್ಲಿ ನಿಂತಿರುತ್ತದಲ್ಲ, ತಲೆಯಿಲ್ಲದ, ಕಾಲಿಲ್ಲದ, ಎದೆ ಹೊಟ್ಟೆ ಬಾಗಿಲಿನಂತೆ ತೆರೆಯುವ ಪ್ಲಾಸ್ಟರಿನ ಮುಂಡ, ಅದನ್ನು ಮಾಡುವವಳು ಇವಳು. ನಾನು ಕೋಟು ಹೊಲಿಯುವ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಮಿಷನ್ನು, ಹಿಂದಿನ ಕೋಣೆಯಲ್ಲಿ ಅವಳ ಮೇಜು, ನಡುವೆ ಸಂಸಾರ. ಕಿಟಕಿಯ ಕಟ್ಟೆಯ ಮೇಲೆ ಬಣ್ಣ ಹಚ್ಚಿದ ಲಿವರುಗಳು ಸಾಲಾಗಿ ಒಣಗುತ್ತಿರುತ್ತವೆ. ಊಟದ ಮೇಜಿನ ಮೇಲೆ ಕರುಳು ಸುರುಳಿ ಸುತ್ತಿಕೊಂಡು ಬಿದ್ದಿದ್ದರೆ ಯಾರಿಗೆ ತಾನೇ ತುತ್ತು ಇಳಿಯುತ್ತದೆ? ಹೇಳಿದರೆ, “ನಿಮ್ಮ ಹೊಟ್ಟೆಯೊಳಗೂ ಅದೇ ಇರೋದು, ತಿನ್ನಿ” ಅನ್ನುತ್ತಾಳೆ.

ಇಪ್ಪತ್ತೆರಡನೇ ವಯಸ್ಸಿಗೆ ಅವಳು ಒಂದು ಮಾಡೆಲ್ ಕಾರ್ಖಾನೆಗೆ ಸೇರಿದಳು. ಕಾರ್ಖಾನೆಯ ಯಜಮಾನ ಒಂದು ದಿನ ಅವಳನ್ನು ಮೆಡಿಕಲ್ ಕಾಲೇಜಿಗೆ ಕಳುಹಿಸಿದ, ನಿಜವಾದ ದೇಹ ನೋಡಿಕೊಂಡು ಬಾ ಎಂದು. ಅಲ್ಲಿ ಹೆಣಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಮುದುಕ ಕರುಳನ್ನು ಪಕ್ಕಕ್ಕೆ ಸರಿಸಿ, ಹೊಟ್ಟೆಯ ಪೊರೆಯನ್ನು ಬಿಡಿಸಿ, ‘ಕಣ್ಣಿಂದ ನೋಡಿದ್ದು ಮರೆತುಹೋಗುತ್ತೆ, ಕೈ ಹಾಕಮ್ಮ’ ಅಂದನಂತೆ. ಇವಳು ಹಾಕಿದಳು. ಬೆನ್ನಿನ ಗೋಡೆಗೆ ಒರಗಿ, ದಪ್ಪನೆಯ ಕೊಬ್ಬಿನ ಹಾಸಿಗೆಯಲ್ಲಿ ಹುದುಗಿಕೊಂಡು ಎರಡು ಕಿಡ್ನಿಗಳು ಸಿಕ್ಕವು. ಎರಡೂ ಸಮವಾಗಿರಲಿಲ್ಲ. ಬಲಗಡೆ ಲಿವರ್ ಜಾಗ ಹಿಡಿದು ಕೂತಿರುವುದರಿಂದ ಆ ಕಡೆಯದು ಒಂದು ಬೆರಳಿನಷ್ಟು ಕೆಳಗಿತ್ತು. ಒಂದೊಂದರ ತಲೆಯ ಮೇಲೂ ಅಡ್ರಿನಲ್ ಎಂಬ ಪುಟ್ಟ ಗ್ರಂಥಿ, ಅದೂ ಜೋಡಿಯಂತಿಲ್ಲ. ಬಲಗಡೆಯದು ಮೂರು ಮೂಲೆಯ ಟೋಪಿ, ಎಡಗಡೆಯದು ಅರ್ಧಚಂದ್ರ, ಸ್ವಲ್ಪ ಒಳಗಡೆಗೆ ಜಾರಿಕೊಂಡದ್ದು. ನಡುವೆ ಬೆನ್ನೆಲುಬಿನ ಮುಂದೆ ಹೃದಯದಿಂದ ಇಳಿದು ಬಂದ ದೊಡ್ಡ ರಕ್ತನಾಳ, ಅದರ ಬಲಕ್ಕೆ ಹೃದಯಕ್ಕೆ ಹಿಂತಿರುಗುವ ಇನ್ನೊಂದು. ಇದನ್ನು ಅವಳು ನನಗೆ ಸಾವಿರ ಸಲ ಹೇಳಿದ್ದಾಳೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ.

ಅದೇ ತಿಂಗಳು ಯಜಮಾನ ಹೊಸ ಆರ್ಡರ್ ಹಿಡಿದು ಬಂದ, ನಲವತ್ತೆರಡು ಮುಂಡ. ಹಿಂದಿನ ಸಲ ಯಾವುದೋ ಶಾಲೆಯವರು ‘ಓರೆಯಾಗಿದೆ’ ಎಂದು ಮಾಡೆಲನ್ನು ವಾಪಸ್ಸು ಕಳಿಸಿದ್ದರಂತೆ. ಈ ಸಲ ಎರಡು ಕಿಡ್ನಿಗೂ ಒಂದೇ ಅಚ್ಚು, ಒಂದೇ ಎತ್ತರ, ಒಂದೇ ಥರದ ಟೋಪಿ ಅಂದ. ಇವಳು ಹಾಗಲ್ಲ ಎಂದು ಹೇಳಿನೋಡಿದಳು. ‘ನಿನಗೆ ಕೆಲಸ ಬೇಕೋ ಕಿಡ್ನಿ ಬೇಕೋ?’ ಎಂದು ಕೇಳಿದ. ಮನೆಯಲ್ಲಿ ಇಬ್ಬರು ತಂಗಿಯರು ಓದುತ್ತಿದ್ದರು. ಇವಳು ಬಾಯಿ ಮುಚ್ಚಿಕೊಂಡು ನಲವತ್ತೆರಡನ್ನೂ ಸಮ ಮಾಡಿದಳು. ಹಳದಿ ಬಣ್ಣ ಮುಗಿದಿದ್ದರಿಂದ ಅಡ್ರಿನಲ್‌ಗಳಿಗೆ ಹಸಿರು ಹಚ್ಚಿದಳು.

ಗೊತ್ತಿಲ್ಲದೆ ಮಾಡಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಗೊತ್ತಿದ್ದೂ ಮಾಡಿದೆನಲ್ಲ ಎಂಬುದು ಅವಳನ್ನು ಹಿಡಿದುಕೊಂಡಿತು. ಅವಳನ್ನು ಮದುವೆಯಾದ ತಪ್ಪಿಗೆ ನನ್ನನ್ನೂ ಹಿಡಿದುಕೊಂಡಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ನಾನು ಮಾಡದೆಯೂ ಉಂಡೆ. ಜನ ರಜೆಯಲ್ಲಿ ಎಲ್ಲೆಲ್ಲಿಗೋ ಹೋಗುತ್ತಾರೆ. ನಾವು ಪ್ಲಾಸ್ಟರಿನ ಚೀಲ, ಉಳಿ, ಬಣ್ಣದ ಡಬ್ಬಿ ಹೊತ್ತುಕೊಂಡು ಶಾಲೆಶಾಲೆ ಸುತ್ತಿದೆವು. ‘ಪುಕ್ಕಟೆ ರಿಪೇರಿ ಮಾಡಿಕೊಡ್ತೀವಿ’ ಎಂದರೆ ಎಂಥ ಹೆಡ್‌ಮಾಸ್ತರರಿಗೂ ಅನುಮಾನ ಬರುತ್ತದೆ. ಒಬ್ಬರು ನಮ್ಮನ್ನು ಕಳ್ಳರೆಂದುಕೊಂಡು ಗೇಟು ಹಾಕಿಸಿದರು. ಇನ್ನೊಂದು ಕಡೆ ಮುಂಡವನ್ನು ಕೊಡೆ ಒಣಗಿಸಲು ಇಟ್ಟುಕೊಂಡಿದ್ದರು, ಹೃದಯದ ಜಾಗದಲ್ಲಿ ಸೀಮೆಸುಣ್ಣದ ಪೆಟ್ಟಿಗೆ. ಹೀಗೆ ನಲವತ್ತೊಂದರ ಲೆಕ್ಕ ಸಿಕ್ಕಿತು. ಕೆಲವು ಒಡೆದುಹೋಗಿದ್ದವು, ಉಳಿದವನ್ನೆಲ್ಲ ಸರಿ ಮಾಡಿದಳು. ನಲವತ್ತೆರಡನೆಯದು ಎಲ್ಲಿಗೆ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಒಳಗೊಳಗೇ ನಿಟ್ಟುಸಿರು ಬಿಟ್ಟೆ.

ಆಮೇಲೆ ನಮ್ಮ ಮೊಮ್ಮಗಳು ಎಂಟನೇ ತರಗತಿಗೆ ಬಂದಳು.

ಹುಡುಗಿ ಅಜ್ಜಿಯ ಮೇಜಿನ ಕೆಳಗೇ ಆಡಿ ಬೆಳೆದವಳು. ಅವಳ ಪಾಲಿಗೆ ಅಜ್ಜಿ ಎಂದರೆ ತಪ್ಪೇ ಮಾಡದವಳು. ಆ ನಲವತ್ತೆರಡರ ಕಥೆ ಹುಡುಗಿಗೆ ಗೊತ್ತಾಗಕೂಡದೆಂದು ನನ್ನ ಬಾಯಿಗೆ ಬೀಗ ಹಾಕಿಸಿದ್ದಳು ನನ್ನ ಹೆಂಡತಿ. ಒಂದು ಸಂಜೆ ಹುಡುಗಿ ಚೀಲ ಎಸೆದು ಉತ್ತರಪತ್ರಿಕೆ ತೆಗೆದು ಮೇಜಿನ ಮೇಲೆ ಕುಟ್ಟಿದಳು. ಕಿಡ್ನಿಯ ಚಿತ್ರದ ಸುತ್ತ ಕೆಂಪು ಶಾಯಿಯ ಸುತ್ತು, ಪಕ್ಕದಲ್ಲಿ ‘ಓರೆಯಾಗಿದೆ, ಎರಡೂ ಸಮ ಇರಬೇಕು’.

“ನೀನು ಹೇಳಿಕೊಟ್ಟ ಹಾಗೇ ಬರೆದೆ ಅಜ್ಜಿ! ಮೇಡಂ ಲ್ಯಾಬಿಗೆ ಕರ್ಕೊಂಡು ಹೋಗಿ ಮಾಡೆಲ್ ತೋರಿಸಿದ್ರು. ಅದರಲ್ಲಿ ಎರಡೂ ಸಮ ಇದೆ. ಅದನ್ನ ಮಾಡಿದ್ದು ಯಾವ ದಡ್ಡನೋ!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವಳ ಕೈಯಲ್ಲಿದ್ದ ಕುಂಚ ನಿಂತಿತು.

“ಅಡ್ರಿನಲ್ ಯಾವ ಬಣ್ಣ ಇದೆ ಪುಟ್ಟಿ?”

“ಹಸಿರು. ಯಾರಾದರೂ ಹಸಿರು ಹಚ್ತಾರಾ?”

ಇವಳು ನನ್ನ ಮುಖ ನೋಡಿದಳು. ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಮೂವರೂ ಶಾಲೆಗೆ ಹೋದೆವು. ಲ್ಯಾಬಿನ ಮೂಲೆಯ ಕಪಾಟಿನ ಪಕ್ಕ ನಿಂತಿತ್ತು ಮಹಾನುಭಾವ, ನಲವತ್ತೆರಡನೆಯದು. ಮುಚ್ಚಿಹೋದ ಯಾವುದೋ ಶಾಲೆಯ ಸಾಮಾನಿನ ಜೊತೆ ಈಚೆಗೆ ಇಲ್ಲಿಗೆ ಬಂದಿತ್ತಂತೆ. ಒಂದು ಶ್ವಾಸಕೋಶ ಇರಲಿಲ್ಲ, ಉಳಿದದ್ದೆಲ್ಲ ಗಟ್ಟಿಮುಟ್ಟಾಗಿತ್ತು. ಕೆಟ್ಟ ಕೆಲಸಕ್ಕೇ ಆಯುಸ್ಸು ಜಾಸ್ತಿ. ವಿಜ್ಞಾನದ ಮೇಡಂ ಕನ್ನಡಕ ಸರಿಮಾಡಿಕೊಂಡು ನಮ್ಮ ಮಾತು ಕೇಳಿದರು.

“ಇದನ್ನ ಸರಿ ಮಾಡಿಕೊಡ್ತೀನಿ ಮೇಡಂ, ಪುಕ್ಕಟೆ” ಅಂದಳು ಇವಳು.

“ಒಡೆದಿಲ್ಲವಲ್ಲ, ಏನು ಸರಿ ಮಾಡ್ತೀರಿ?”

“ಬಲಗಡೆ ಕಿಡ್ನಿ ಸ್ವಲ್ಪ ಕೆಳಗಿರಬೇಕು.”

“ನೋಡೀಮ್ಮ, ಇದು ಕಂಪನಿ ಮಾಲು. ತಿಳಿದೋರು ಮಾಡಿರ್ತಾರೆ. ನಾನು ಅವರನ್ನ ನಂಬಲೋ, ನಿಮ್ಮ ಮೊಮ್ಮಗಳನ್ನ ನಂಬಲೋ? ಮನುಷ್ಯನ ದೇಹ ಎಡ ಬಲ ಸಮ ಅಂತ ಪಾಠದಲ್ಲೇ ಇದೆ.”

ನನಗೆ ರೇಗಿತು. “ಮೇಡಂ, ನಲವತ್ತು ವರ್ಷದಿಂದ ಕೋಟು ಹೊಲೀತಿದೀನಿ. ಎರಡು ಭುಜ ಸಮ ಇರೋ ಒಬ್ಬ ಮನುಷ್ಯನ್ನ ನಾನು ಕಂಡಿಲ್ಲ. ನಿಮ್ಮ ಬಲಭುಜಾನೇ ಅರ್ಧ ಇಂಚು ಇಳಿದಿದೆ.”

ಮೇಡಂ ಭುಜ ಎತ್ತಿಕೊಂಡು ನೆಟ್ಟಗೆ ನಿಂತರು. “ರೀ, ಸುಮ್ಮನಿರ್ತೀರಾ?” ಎಂದು ಇವಳು ನನ್ನ ಮೊಣಕೈಗೆ ಚಿವುಟಿದಳು. ಸಹಾಯ ಮಾಡಲು ಹೋದವನಿಗೆ ಸಿಕ್ಕಿದ್ದು ಅದೇ.

“ಒಂದು ಕೆಲಸ ಮಾಡಿ,” ಅಂದರು ಮೇಡಂ, ಮಾತು ಮುಗಿಸುವ ದನಿಯಲ್ಲಿ. “ಇದನ್ನ ಮಾಡಿದೋರನ್ನೇ ಕರ್ಕೊಂಡು ಬನ್ನಿ. ತಪ್ಪು ಅಂತ ಅವರ ಬಾಯಲ್ಲೇ ಬರಲಿ. ಆಗ ಮಾರ್ಕೂ ಕೊಡ್ತೀನಿ, ಮಾಡೆಲ್ಲೂ ಕೊಡ್ತೀನಿ.”

“ಕರ್ಕೊಂಡು ಬರೋಣ ಅಜ್ಜಿ,” ಅಂದಳು ಹುಡುಗಿ. “ಚೆನ್ನಾಗಿ ಉಗಿಯೋಣ.”

ನನ್ನ ಹೆಂಡತಿಗೆ ಮೇಡಂ ಲೆಕ್ಕಕ್ಕಿರಲಿಲ್ಲ, ಮಾರ್ಕೂ ಲೆಕ್ಕಕ್ಕಿರಲಿಲ್ಲ. ಹುಡುಗಿ ತನ್ನನ್ನು ನೋಡುವ ಆ ನೋಟ ಇವತ್ತಿಗೆ ಹೋಯಿತು ಎಂಬುದೊಂದೇ ಅವಳ ಮುಖದಲ್ಲಿತ್ತು. ನನಗೆ ಸಂಕಟವಾಯಿತು. ಬೇಡ ಬಾರೇ, ನಲವತ್ತೊಂದಾಯ್ತಲ್ಲ, ಮನೆಗೆ ಹೋಗೋಣ ಅನ್ನಬೇಕೆನಿಸಿತು. ಅಷ್ಟರಲ್ಲಿ ಅವಳು ಮುಂಡದ ಬಾಗಿಲು ತೆಗೆದಿದ್ದಳು. ಲಿವರ್ ತೆಗೆದು ಹುಡುಗಿಯ ಕೈಗೆ ಕೊಟ್ಟಳು, ಜಠರ ಮತ್ತು ಕರುಳು ನನ್ನ ಕೈಗೆ. ಹಿಂದಿನ ಗೋಡೆಯಿಂದ ಬಲಗಡೆಯ ಕಿಡ್ನಿಯನ್ನು ಕಿತ್ತು ತಿರುಗಿಸಿ ಹಿಡಿದಳು. ಬೆನ್ನಿನ ಕಡೆ, ಪ್ಲಾಸ್ಟರ್ ಹಸಿ ಇದ್ದಾಗ ಒತ್ತಿ ಕೂರಿಸಿದ ಹೆಬ್ಬೆರಳಿನ ಗುರುತಿತ್ತು, ಅದರ ನಡುವೆ ಅಡ್ಡಲಾಗಿ ಒಂದು ಗಾಯದ ಗೆರೆ. ಅವಳು ಹಳೆಯ ಉಳಿಗಾಯವಿದ್ದ ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟಳು. ಗೆರೆಗೆ ಗೆರೆ ಕೂತಿತು.

“ಮಾಡಿದೋಳು ನಾನೇ ಮೇಡಂ. ತಪ್ಪು.”

ಮೇಡಂ ಕಿಡ್ನಿಯನ್ನೂ ಹೆಬ್ಬೆರಳನ್ನೂ ನೋಡಿದರು. ಆಮೇಲೆ ಮೆಲ್ಲಗೆ, “ಪುಸ್ತಕದ ಚಿತ್ರದಲ್ಲಿ ಬಲಗಡೇದು ಕೆಳಗೇ ಇದೆ. ಇದನ್ನ ನೋಡಿ, ಪ್ರಿಂಟಿನೋರು ತಪ್ಪಿದಾರೆ ಅಂದ್ಕೊಂಡಿದ್ದೆ” ಅಂದರು.

ಹುಡುಗಿ ಲಿವರ್ ಅಪ್ಪಿಕೊಂಡು ನಿಂತಿದ್ದಳು. “ನಿನಗೆ ಗೊತ್ತಿತ್ತಾ ಅಜ್ಜಿ, ಆಗ್ಲೇ?”

“ಗೊತ್ತಿತ್ತು. ಕೆಲಸ ಹೋಗುತ್ತೆ ಅಂತ ಹೆದರಿದೆ.”

ಹುಡುಗಿ ಲಿವರನ್ನೂ ನನ್ನ ಕೈಗೆ ತುರುಕಿ ತರಗತಿಗೆ ಹೋದಳು. ಸಂಜೆ ಶಾಲೆ ಬಿಟ್ಟ ಮೇಲೆ ಮೇಡಂ ಚೀಟಿ ಬರೆಸಿಕೊಂಡು ಮಾಡೆಲ್ ಕೊಟ್ಟರು. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮುಂಡ, ಪಕ್ಕದಲ್ಲಿ ಸಪ್ಪೆ ಮುಖದ ಹೆಂಡತಿ, ನಾಲ್ಕು ಸೀಟು ಮುಂದೆ ಒಂಟಿಯಾಗಿ ಕೂತ ಮೊಮ್ಮಗಳು. ಕಂಡಕ್ಟರ್ ಮುಂಡಕ್ಕೂ ಟಿಕೆಟ್ ತಗೋಬೇಕು ಅಂದ. ಅವನ ಜೊತೆ ಜಗಳವಾಡಲೂ ನನಗೆ ಉತ್ಸಾಹವಿರಲಿಲ್ಲ. ಈ ಕಿಡ್ನಿಗಳ ಮನೆ ಹಾಳಾಗ ಎಂದು ಮನಸ್ಸಿನಲ್ಲೇ ಶಪಿಸಿದೆ.

ಮನೆಗೆ ಬಂದು ಇವಳು ಹಿಂದಿನ ಕೋಣೆಯಲ್ಲಿ ಕೂತು ಬಲಗಡೆಯ ಕಿಡ್ನಿ ಕೂತಿದ್ದ ಹಳೆಯ ತೂತಿಗೆ ಪ್ಲಾಸ್ಟರ್ ತುಂಬತೊಡಗಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಹುಡುಗಿ ನನ್ನನ್ನು ಸರಿಸಿಕೊಂಡು ಒಳಗೆ ಹೋಗಿ, ಒಂದು ನೋಟ್‌ಬುಕ್ ತೆರೆದು ಅಜ್ಜಿಯ ಮುಂದಿಟ್ಟಳು.

ಹತ್ತು ಪುಟ. ಪುಟಕ್ಕೊಂದು ಚಿತ್ರ. ಹತ್ತರಲ್ಲೂ ಎರಡು ಕಿಡ್ನಿ, ಸ್ಕೇಲಿಟ್ಟು ಗೆರೆ ಎಳೆದು ಸಮ ಮಾಡಿದ್ದು.

“ಮೇಡಂ ಹತ್ತು ಸಲ ತಿದ್ದಿ ಬರಿ ಅಂದಿದ್ರು,” ಅಂದಳು ತಲೆ ಎತ್ತದೆ. “ನಿನ್ನೆ ರಾತ್ರೀನೇ ಬರೆದಿಟ್ಟೆ. ನಿಂಗೆ ಹೇಳಲಿಲ್ಲ.”

“ತಪ್ಪು ಅಂತ ಗೊತ್ತಿತ್ತು ತಾನೆ ನಿಂಗೆ?”

“ಗೊತ್ತಿತ್ತು. ಮುಂದಿನ ಪರೀಕ್ಷೇಲೂ ಮಾರ್ಕ್ ಹೋಗುತ್ತೆ ಅಂತ ಹೆದರಿದೆ.”

ಇವಳು ಪ್ಲಾಸ್ಟರಿನ ಕೈಯಿಂದಲೇ ಹಣೆ ಚಚ್ಚಿಕೊಂಡಳು. “ಅಯ್ಯೋ ನಿನ್ನ! ಹೋಗಿ ಹೋಗಿ ನನ್ನ ಇದೇ ಗುಣ ಬರಬೇಕಿತ್ತಾ ನಿಂಗೆ?” ಎಂದು ಕೂಗಾಡಿದಳು. ಕೂಗಾಡುತ್ತಲೇ ಹುಡುಗಿಯನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳ ಸಮವಸ್ತ್ರಕ್ಕೆಲ್ಲ ಬಿಳಿ ಮೆತ್ತಿತು. ಇಬ್ಬರೂ ಅಳುತ್ತಿದ್ದರೋ ಬೈದಾಡುತ್ತಿದ್ದರೋ ನನಗೆ ಗೊತ್ತಾಗಲಿಲ್ಲ. ನಡುನಡುವೆ ಇವಳು ಆ ನಲವತ್ತೆರಡರ ಕಥೆಯನ್ನೂ ಹೇಳಿ ಮುಗಿಸಿದಳು.

“ನಿನಗೆ ಎಷ್ಟು ವರ್ಷ ಹಿಡೀತು ಅಜ್ಜಿ, ಎಲ್ಲಾ ಸರಿಮಾಡೋಕೆ?”

“ಮೂವತ್ತೆಂಟು. ನಿನ್ನದು ಇವತ್ತೇ ಮುಗಿಸು. ರೀ, ಮನೇಲಿ ರಬ್ಬರ್ ಇದೆಯಾ?”

ನಲವತ್ತೆರಡಕ್ಕೆ ಪೀಡೆ ತೊಲಗಿತು ಅಂದುಕೊಂಡಿದ್ದೆ, ಇನ್ನೂ ಹತ್ತು ಬಾಕಿ ಇದ್ದವು. ಗೊಣಗುತ್ತಲೇ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿ ಎರಡು ರಬ್ಬರ್ ತಂದುಕೊಟ್ಟೆ.