ಗೋದಾಮಿನ ಬಾಗಿಲ ಬಳಿ

ಅವನ ನಕ್ಷೆ ಕೆಟ್ಟದ್ದಲ್ಲ. ಕೋಲ್ಕತ್ತದ ಗೋದಾಮಿಗೆ ಮೈಸೂರಿನ ಹಬ್ಬದ ಲೆಕ್ಕ ಹಿಡಿದುಕೊಂಡಿದ್ದ, ಅಷ್ಟೇ.

ಲೇಕ್ ಗಾರ್ಡನ್ಸಿನಲ್ಲಿ ನಮ್ಮ ಕೆಳಮನೆಯವನು, ಮೈಸೂರಿನಿಂದ ಹೊಸದಾಗಿ ಬಂದವನು, ಕಂಪ್ಯೂಟರ್ ಗೋದಾಮಿನ ಮ್ಯಾನೇಜರು. ಯಾರ ಮನೆಗೆ ಹೋದರೂ ಕಪಾಟು ತೆರೆದು, ಗೇಣು ಹಾಕಿ ಅಳೆದು, "ಕೈಗೆ ಮೊದಲು ಬೇಕಾದ್ದು ಯಾವುದು?" ಎನ್ನುತ್ತಿದ್ದ. ನನ್ನ ಕಾಫಿಪುಡಿ ಅಟ್ಟದ ಹಲಗೆಯಲ್ಲೇಕೆ ಎಂದು ಕೇಳಿ ಬೈಸಿಕೊಂಡಿದ್ದ.

ನ್ಯೂ ಟೌನಿನ ಹೊಸ ಆಫೀಸುಗಳಿಗೆ ಮಾಲು ಬೇಗ ಹೋಗಲೆಂದು ಗೋದಾಮನ್ನೇ ಹೊಸದಾಗಿ ಜೋಡಿಸಿದ. ಹೆಚ್ಚು ಹೋಗುವ ಪೆಟ್ಟಿಗೆಗಳೆಲ್ಲ ಬಾಗಿಲ ಬಳಿ. ಮೊದಲ ಲಾರಿ ತಡವಾದರೆ ಅವನ ಕೆಲಸ ಹೋಗುತ್ತಿತ್ತು. ಆ ಲಾರಿ ಹೊರಡಬೇಕಾದ ದಿನವೇ ಕೂಲಿಯವರು ವಿಶ್ವಕರ್ಮನ ಮೂರ್ತಿ ತಂದರು. ಪ್ರತಿವರ್ಷ ಅದು ಕೂರುವುದು ಆ ಬಾಗಿಲಲ್ಲೇ. ಜಾಗವಿಲ್ಲದ್ದು ಕಂಡು ಲಾರಿಗೆ ಮಾಲು ತುಂಬದೆ ಎಲ್ಲರೂ ಕೈಕಟ್ಟಿ ನಿಂತರು.

ನನಗೆ ಫೋನು ಮಾಡಿದ. "ಅಜ್ಜಿ, ಆಯುಧಪೂಜೆಗೆ ಇನ್ನೂ ದಿನ ಇದೆಯಲ್ವಾ? ದಸರಾಕ್ಕೆ ಜಾಗ ಬಿಡೋಣ ಅಂತಿದ್ದೆ."

"ಅದು ಮೈಸೂರಲ್ಲಿ ಕಣೋ. ಇಲ್ಲಿ ಆಯುಧಕ್ಕೆ ಪೂಜೆ ವಿಶ್ವಕರ್ಮನ ದಿನ, ಅದು ನಾಳೇನೇ."

ಅವನು ರೇಗಲಿಲ್ಲ. "ಮೂರ್ತಿ ಎಷ್ಟು ಗೇಣು ಅಗಲ ಇರುತ್ತೆ ಅಜ್ಜಿ?" ಎಂದ.

"ಹೋಗಿ ಅಳೆಯೋ, ನಾನೇನು ಕಂಡೆ?"

ಅಳೆದನಂತೆ. ಪೆಟ್ಟಿಗೆ ಸರಿಸಿ ದೇವರನ್ನು ಕೂರಿಸಿದ. ಸಂಜೆಯೊಳಗೆ ಲಾರಿ ತುಂಬಿ ಹೊರಟಿತು.

ಮರುದಿನ ಬೆಳಿಗ್ಗೆ ಸ್ಟೂಲು ಹತ್ತಿ, ಕಾಫಿಪುಡಿ ಡಬ್ಬಿಯನ್ನು ಕೈಗೆಟುಕುವ ಹಲಗೆಗೆ ಇಳಿಸಿದೆ.